ಬ್ರೇಕ್ ಕಿರುಚುತ್ತಿದೆ, ಲಾಕ್ ನಟ್ ಬಿಚ್ಚಲು ಬರುತ್ತಿಲ್ಲ. ಹೊರಗಿನಿಂದ ಎಣ್ಣೆ ಸಿಂಪಡಿಸಿ ಮಳೆಗಾಲ ಕಳೆಯಬಹುದೇ?

ಎಣ್ಣೆಯ ಯೋಚನೆಯನ್ನು ದಯವಿಟ್ಟು ಇಂದೇ ಬಿಟ್ಟುಬಿಡಿ. ಮೂರು ವರ್ಷಗಳ ಹಿಂದೆ ಜುಲೈ ತಿಂಗಳಿನಲ್ಲಿ ನಮ್ಮ ಕಾರಿನ ಮುಂದಿನ ಎಡ ಚಕ್ರವೂ ಹೀಗೆಯೇ ಕಿರುಚುತ್ತಿತ್ತು, ನಾನೂ ಅದನ್ನು ಮಳೆಯ ತಲೆಗೆ ಕಟ್ಟಿದ್ದೆ. ರಾತ್ರಿಯಿಡೀ ಮಡಿಕೇರಿಯ ಮಳೆಯಲ್ಲಿ ನಿಂತ ಕಾರಿನ ಡಿಸ್ಕ್, ಅಂದರೆ ಬ್ರೇಕ್ ಪ್ಯಾಡ್‌ಗಳು ಒತ್ತಿ ಹಿಡಿಯುವ ತಟ್ಟೆ, ಎರಕದ ಕಬ್ಬಿಣದ್ದಾದ್ದರಿಂದ ಬೆಳಗಾಗುವಷ್ಟರಲ್ಲಿ ತೆಳುವಾಗಿ ತುಕ್ಕು ಹಿಡಿಯುವುದು ನಿಜ. ಆದರೆ ಆ ಸದ್ದು ನಾಲ್ಕಾರು ಸಲ ಬ್ರೇಕ್ ತುಳಿಯುವುದರೊಳಗೆ ಅಡಗಬೇಕು. ನಮ್ಮದು ಮದೆನಾಡು ದಾಟಿ ಸಂಪಾಜೆ ಘಾಟಿ ಇಳಿಯುವಾಗಲೂ ನಿಲ್ಲಲಿಲ್ಲ.

ಆ ಭಾನುವಾರ ಶೆಡ್ಡಿನಲ್ಲಿ ನಾನೇ ಚಕ್ರ ಬಿಚ್ಚಲು ಕುಳಿತೆ. ಮೂರು ನಟ್‌ಗಳು ಸಲೀಸಾಗಿ ಸಡಿಲವಾದವು. ನಾಲ್ಕನೆಯದು ಲಾಕ್ ನಟ್, ಚಕ್ರ ಕಳುವಾಗದಂತೆ ತನ್ನದೇ ಕೀಯಿಂದ ಮಾತ್ರ ತಿರುಗುವಂಥದ್ದು. ತೋಟದ ರಸ್ತೆಯ ಕೆಂಪು ಮಣ್ಣು ಅದರ ಕೀ ಕೂರುವ ಕೊರಕಲಿನೊಳಗೆ ತುಂಬಿ ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ನನ್ನ ತಪ್ಪು ನಡೆದದ್ದು ಇಲ್ಲಿಯೇ. ಅದರ ಕೀ ಒಳಗಿನ ತನಕ ಕೂರದೆ ತುದಿಯಲ್ಲಿ ಮಾತ್ರ ಸಿಕ್ಕಿಕೊಂಡಿದ್ದುದು ಕಣ್ಣಿಗೆ ಕಾಣುತ್ತಿತ್ತು. ಆದರೂ ಮಣ್ಣು ತೆಗೆಯದೆ, ವೀಲ್ ಸ್ಪ್ಯಾನರಿನ ಹಿಡಿಯ ಮೇಲೆ ಹತ್ತಿ ನಿಂತು ಮೈಭಾರವನ್ನೆಲ್ಲ ಹಾಕಿದೆ. ಲಾಕ್ ನಟ್‌ನ ಕೊರಕಲು ಸಾಮಾನ್ಯ ನಟ್‌ನ ಆರು ಮೂಲೆಗಳಷ್ಟು ಭಾರ ತಡೆಯುವಂಥದ್ದಲ್ಲ. ಕೀಯ ಹಲ್ಲುಗಳು ಪೂರ್ತಿ ಆಳಕ್ಕೆ ಇಳಿದಾಗ ಮಾತ್ರ ಒತ್ತಡ ಎಲ್ಲ ಹಲ್ಲುಗಳಿಗೂ ಹಂಚಿಹೋಗುತ್ತದೆ. ಅರ್ಧ ಕೂತ ಕೀಯಲ್ಲಿ ಅಷ್ಟೂ ಒತ್ತಡ ಹಲ್ಲಿನ ತುದಿಗಳ ಮೇಲೆಯೇ ಬೀಳುತ್ತದೆ. ಮೇಲಾಗಿ, ಹಿಂದಿನ ಸಲ ಟೈರ್ ಬದಲಿಸಿದ ಅಂಗಡಿಯಲ್ಲಿ ಆ ನಟ್ಟನ್ನು ಇಂಪ್ಯಾಕ್ಟ್ ಗನ್ ಎಂಬ ಯಂತ್ರದಿಂದ ಬಲವಾಗಿ ಬಿಗಿದಿದ್ದರು. ಕೀಯ ಎರಡು ಹಲ್ಲು ಮುರಿದವು, ನಟ್‌ನ ಕೊರಕಲೂ ಸವೆದು ನುಣುಪಾಯಿತು. ಒಂದು ದಬ್ಬಣ, ಒಂದು ಹಳೆಯ ಹಲ್ಲುಜ್ಜುವ ಬ್ರಷ್, ಹತ್ತು ನಿಮಿಷದ ತಾಳ್ಮೆ ಇದ್ದಿದ್ದರೆ ಮುಂದಿನದೊಂದೂ ಆಗುತ್ತಿರಲಿಲ್ಲ.

ಚಕ್ರ ಬಿಚ್ಚಲಾಗದ್ದರಿಂದ ನಾನು ಅಲಾಯ್ ಚಕ್ರದ ಸಂದಿನಿಂದ ಟಾರ್ಚ್ ಬಿಟ್ಟು ನೋಡಿ, ಹೊರಗಿನ ಪ್ಯಾಡ್ ಅರ್ಧದಷ್ಟು ಉಳಿದಿದೆಯೆಂದು ಸಮಾಧಾನಪಟ್ಟುಕೊಂಡು ಮತ್ತೆ ಮೂರು ವಾರ ಓಡಿಸಿದೆ. ಕೊನೆಗೆ ಕಿರುಚಾಟ ಹೋಗಿ ಕಬ್ಬಿಣ ಉಜ್ಜುವ ಸದ್ದು ಬಂದಾಗ ಕುಶಾಲನಗರದ ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಮೆಕ್ಯಾನಿಕ್, ಒಳಗೆ ಎದುರು ಸುತ್ತಿನ ಹಲ್ಲುಗಳಿರುವ ಒಂದು ಸಾಕೆಟ್ಟನ್ನು ಸುತ್ತಿಗೆಯಿಂದ ನಟ್‌ನ ಮೇಲೆ ಬಡಿದು ಕೂರಿಸಿ ತಿರುಗಿಸಿದರು. ತಿರುಗಿಸಿದಷ್ಟೂ ಅದು ನಟ್ಟನ್ನು ಇನ್ನಷ್ಟು ಕಚ್ಚಿ ಹಿಡಿಯುತ್ತದೆ. ಡಿಸ್ಕಿನ ಎರಡೂ ಬದಿಯ ಪ್ಯಾಡ್‌ಗಳನ್ನು ಒತ್ತುವ ಕ್ಯಾಲಿಪರ್‌ನ ಜಾರುವ ಪಿನ್ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಹೀಗಾಗಿ ಪಿಸ್ಟನ್ ಬದಿಯ ಒಳಗಿನ ಪ್ಯಾಡ್ ಮಾತ್ರ ಸವೆಯುತ್ತ ಹೋಗಿ, ಅದರ ಕಬ್ಬಿಣದ ಬೆನ್ನೇ ಡಿಸ್ಕನ್ನು ಕೊರೆದಿತ್ತು. ಪ್ಯಾಡ್‌ನಲ್ಲಿ ಮುಗಿಯಬೇಕಿದ್ದ ಖರ್ಚು ಮುಂದಿನ ಎರಡೂ ಡಿಸ್ಕ್‌ಗಳವರೆಗೆ ಬೆಳೆಯಿತು.

ನೀವು ಕೇಳಿರುವುದು ಸದ್ದು ಅಡಗಿಸುವ ಉಪಾಯ. ಅಡಗಿಸಬೇಕೆಂಬುದನ್ನೇ ನಾನು ಒಪ್ಪುವುದಿಲ್ಲ. ಹಲವು ಪ್ಯಾಡ್‌ಗಳಿಗೆ ಒಂದು ಸಣ್ಣ ಲೋಹದ ಪಟ್ಟಿ ಇರುತ್ತದೆ. ಪ್ಯಾಡ್ 2–3 ಮಿಲಿಮೀಟರ್ ಮಾತ್ರ ಉಳಿದಾಗ ಡಿಸ್ಕಿಗೆ ತಾಗಿ ಕಿರುಚಲೆಂದೇ ಅದನ್ನು ಇಟ್ಟಿರುತ್ತಾರೆ. ಎಣ್ಣೆ ಹಾಕಿದರೆ ಸದ್ದಿನ ಜೊತೆಗೆ ಆ ಚಕ್ರದ ಹಿಡಿತವೂ ಹೋಗಿ, ಘಾಟಿಯ ತಿರುವಿನಲ್ಲಿ ಬ್ರೇಕ್ ತುಳಿದಾಗ ಕಾರು ಒಂದೇ ಬದಿಗೆ ಎಳೆಯುತ್ತದೆ. ಗ್ರೀಸ್ ಹಾಕಬೇಕಾದದ್ದು ಶಾಖ ತಡೆಯುವ ಬಗೆಯದು, ಅದೂ ಜಾರುವ ಪಿನ್‌ಗೆ ಮತ್ತು ಪ್ಯಾಡ್‌ನ ಬೆನ್ನಿಗೆ, ತೆಳುವಾಗಿ.

ಕೀಯ ಹಲ್ಲುಗಳು ಇನ್ನೂ ಸರಿಯಾಗಿದ್ದರೆ ನಟ್‌ನ ಕೊರಕಲಿನ ಮಣ್ಣನ್ನೆಲ್ಲ ಕೆದಕಿ ತೆಗೆಯಿರಿ, ಕೀಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಪೂರ್ತಿ ಕೂರಿಸಿ, ಚಕ್ರ ನೆಲದ ಮೇಲಿರುವಾಗಲೇ ನೇರವಾಗಿ ಹಿಡಿದು ಸಡಿಲಿಸಿ. ಹಲ್ಲು ಹೋಗಿದ್ದರೆ ಇನ್ನೊಂದು ಸಲ ಪ್ರಯತ್ನಿಸಬೇಡಿ, ಗ್ಯಾರೇಜಿಗೆ ಫೋನ್ ಮಾಡಿ ಮೆಕ್ಯಾನಿಕ್‌ರನ್ನು ಮನೆಗೇ ಕರೆಸಿ. ನಟ್ ಬಿಚ್ಚಿದ ಮೇಲೆ ಚಕ್ರಕ್ಕೊಂದರಂತೆ ಇರುವ ನಾಲ್ಕೂ ಲಾಕ್ ನಟ್‌ಗಳನ್ನು ತೆಗೆಸಿ, ಅದೇ ಅಳತೆಯ ಸಾಮಾನ್ಯ ನಟ್ ಹಾಕಿಸಿಕೊಳ್ಳಿ. ಚಕ್ರ ಕದಿಯುವ ಕಳ್ಳನಿಗಿಂತ, ಮಳೆಗಾಲದ ಕತ್ತಲಲ್ಲಿ ಮಾಕುಟ್ಟದ ಕಾಡಿನ ನಡುವೆ ಟೈರ್ ಪಂಚರ್ ಆಗಿ, ನಟ್ ಬಿಚ್ಚಲಾಗದೆ ನಿಲ್ಲುವ ಭಯವೇ ನಮ್ಮ ಊರಿನಲ್ಲಿ ದೊಡ್ಡದು. ನಾನು ಅಂದೇ ಗ್ಯಾರೇಜಿನಲ್ಲಿ ಉಳಿದ ಮೂರನ್ನೂ ತೆಗೆಸಿದೆ.