ವಯಸ್ಸಾದವರಲ್ಲಿ ನಿದ್ದೆಗೂ ಮರೆವಿಗೂ ಏನು ಸಂಬಂಧ?

ಎಂಟು ಗಂಟೆ ಮಲಗಿದರೂ ನಿನ್ನೆ ಓದಿದ್ದು ನೆನಪಿರಲ್ಲ, ವಯಸ್ಸಾದ ಮೇಲೆ ಯಾಕೆ ಹೀಗೆ ಅಂತ ಕೇಳಿದ್ದೀರಿ. ಮಲಗಿದ್ದಾಗ ಮೆದುಳು ಏನು ಮಾಡುತ್ತಿತ್ತು ಅನ್ನೋದನ್ನೂ ನೋಡಬೇಕು, ಅಲ್ವಾ?

ಗಾಢ ನಿದ್ದೆಯಲ್ಲಿರುವವರ ತಲೆಗೆ ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆ ಅಳೆಯುವ ಪರೀಕ್ಷೆ) ತಂತಿ ಅಂಟಿಸಿದರೆ ದೊಡ್ಡ ದೊಡ್ಡ ಅಲೆಗಳು ಕಾಣುತ್ತವೆ. ತುಂಬಾ ನಿಧಾನ, ಸೆಕೆಂಡಿಗೆ ಒಂದೂ ಇರುವುದಿಲ್ಲ. ನಡುನಡುವೆ ಒಂದು ಪುಟ್ಟ, ಚುರುಕಾದ ಕಂಪನ: ಸೆಕೆಂಡಿಗೆ 12ರಿಂದ 15 ಸಲ, ಒಂದೆರಡು ಸೆಕೆಂಡಲ್ಲಿ ಮಾಯ. ನೂಲು ಸುತ್ತಿದ ಕದಿರಿನ ಹಾಗೆ ಕಾಣುವುದರಿಂದ ಅದಕ್ಕೆ ಸ್ಪಿಂಡಲ್ ಅಂತ ಹೆಸರು. ಅಲೆಯ ತುದಿಗೆ ಸರಿಯಾಗಿ ಸ್ಪಿಂಡಲ್ ಬಂದು ಕೂತರೆ, ಹಿಪ್ಪೊಕ್ಯಾಂಪಸ್ ಅನ್ನೋ, ಹೊಸ ನೆನಪು ಮೊದಲು ಸೇರುವ ಮೆದುಳಿನ ಒಳಭಾಗದಲ್ಲಿದ್ದ ಹಸಿ ನೆನಪು ಮೆದುಳಿನ ಹೊರಪದರದಲ್ಲಿ ಗಟ್ಟಿಯಾಗುತ್ತದೆ.

ವಯಸ್ಸಾದಂತೆ ಅಲೆಗಳ ಎತ್ತರ ತಗ್ಗುತ್ತದೆ, ಸ್ಪಿಂಡಲ್ ಕಡಿಮೆಯಾಗುತ್ತದೆ. ಜೊತೆಗೆ ತಾಳವೂ ತಪ್ಪುತ್ತದೆ! 2018ರಲ್ಲಿ ಪ್ರಕಟವಾದ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನದಲ್ಲಿ, ಹಿರಿಯರಲ್ಲಿ ಸ್ಪಿಂಡಲ್ ತುದಿಗಿಂತ ತುಸು ಮೊದಲೇ ಬಂದುಬಿಡುತ್ತಿತ್ತು. ತಾಳ ತಪ್ಪಿದಷ್ಟೂ, ಮಲಗುವ ಮುಂಚೆ ಕಲಿತ ಪದಗಳು ಬೆಳಿಗ್ಗೆ ಮರೆತುಹೋಗುತ್ತಿದ್ದವು. ಹಣೆಯ ಹಿಂದಿನ ಮೆದುಳಿನ ಭಾಗ ಸವೆಯುವುದಕ್ಕೂ ಇದಕ್ಕೂ ನಂಟಿದೆ.

ನಿದ್ದೆ ಮಾತ್ರೆ ನುಂಗಿದರೆ ಆಯ್ತು ಅಂತ ಸುಮ್ನೆ ಅಂದುಕೊಳ್ಳಬೇಡಿ. ಬೆಂಜೊಡಯಾಜೆಪಿನ್ ಗುಂಪಿನ ಮಾತ್ರೆಗಳು ಕಣ್ಣೇನೋ ಮುಚ್ಚಿಸುತ್ತವೆ, ಆದರೆ ಆ ನಿಧಾನದ ಅಲೆಗಳನ್ನೇ ತಗ್ಗಿಸುತ್ತವೆ. (ಈಗಾಗಲೇ ತಗೊಳ್ಳುತ್ತಿದ್ದರೆ ನೀವಾಗಿ ನೀವೇ ನಿಲ್ಲಿಸಬೇಡಿ.) ಗೊರಕೆ ಜಾಸ್ತಿ, ನಡುವೆ ಉಸಿರು ಕಟ್ಟುತ್ತದೆ ಅನ್ನೋದಾದರೆ ಡಾಕ್ಟರ್‌ಗೆ ತೋರಿಸಿ. ಅದು ಸ್ಲೀಪ್ ಆಪ್ನಿಯಾ ಇರಬಹುದು. ಗಾಢ ನಿದ್ದೆಯನ್ನು ಚೂರುಚೂರು ಮಾಡುತ್ತದೆ, ಆದರೆ ಅದಕ್ಕೆ ಚಿಕಿತ್ಸೆ ಇದೆ.