ಬೆಟ್ಟ ಹತ್ತುವಾಗ ಎದೆ ಡವಡವ: ಓಡಬೇಕಾ, ನಿಲ್ಲಿಸಬೇಕಾ?

ಪ್ರಶ್ನೆ: ಡಾಕ್ಟರೇ, ನನಗೆ 36 ವರ್ಷ. ಹುಬ್ಬಳ್ಳಿಯಲ್ಲಿ ಅಂಗಡಿ ಇದೆ. ದಿನವಿಡೀ ಗಲ್ಲಾದ ಮುಂದೆ ಕೂತು ಕೂತು 96 ಕೆಜಿ ಆಗಿದ್ದೆ. ಎರಡೂವರೆ ತಿಂಗಳಲ್ಲಿ 14 ಕೆಜಿ ಇಳಿಸಿದ್ದೇನೆ. ರಾತ್ರಿ ಊಟ ಬಿಟ್ಟಿದ್ದೇನೆ. ಮಧ್ಯಾಹ್ನ ಒಂದು ರೊಟ್ಟಿ, ಪಲ್ಯ, ಅಷ್ಟೇ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹಾಲಿಲ್ಲದ ಕಾಫಿ ಕುಡಿದು, ಗೆಳೆಯ ಕೊಟ್ಟ ಕೊಬ್ಬು ಕರಗಿಸುವ ಕ್ಯಾಪ್ಸೂಲ್ ನುಂಗಿ ನೃಪತುಂಗ ಬೆಟ್ಟದ ಏರಿನಲ್ಲಿ ಓಡುತ್ತೇನೆ. ಎರಡು ವರ್ಷದಿಂದ ಬಿಪಿ ಮಾತ್ರೆ ಇದೆ. ಈಚೆಗೆ ಜೋರಾಗಿ ಓಡಿದಾಗ ಎದೆ ಡವಡವ ಅನ್ನುತ್ತದೆ, ನಡುವೆ ಒಂದು ಬಡಿತ ತಪ್ಪಿದ ಹಾಗೆ ಆಗುತ್ತದೆ. ವಾಚ್‌ನಲ್ಲಿ 186 ತೋರಿಸಿತು. ಮನೆಯವರು ಗಾಬರಿಯಾಗಿ ಓಟವೇ ಬೇಡ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಆ ಕ್ಯಾಪ್ಸೂಲ್ ನಿಲ್ಲಿಸಿ. ಇವತ್ತೇ. ಡಬ್ಬಿ ಮಾತ್ರ ಎಸೆಯಬೇಡಿ, ಡಾಕ್ಟರ್ ಹತ್ತಿರ ಹೋಗುವಾಗ ಜೊತೆಗೆ ಒಯ್ಯಿರಿ. ಇಂಥ ಡಬ್ಬಿಗಳ ಮೇಲೆ 'ಶುದ್ಧ ಗಿಡಮೂಲಿಕೆ' ಅಂತ ಬರೆದಿದ್ದರೂ ಒಳಗೆ ಏನಿದೆ ಅನ್ನುವುದು ಕೊಟ್ಟ ಗೆಳೆಯನಿಗೂ ಗೊತ್ತಿರುವುದಿಲ್ಲ. ಕೆಲವದರಲ್ಲಿ ಸಿಕ್ಕಾಪಟ್ಟೆ ಕೆಫೀನ್ ಇರುತ್ತದೆ. ಸಿಬುಟ್ರಮಿನ್ ಅಂತ ಹಸಿವು ಕಡಿಮೆ ಮಾಡುವ ಒಂದು ಔಷಧ ಇತ್ತು, ಹೃದಯಕ್ಕೆ ಅಪಾಯ ಅಂತ 2011ರಲ್ಲಿ ನಮ್ಮ ದೇಶದಲ್ಲಿ ನಿಷೇಧ ಮಾಡಿದರು. ಆಮೇಲೂ ಅದು ಎಷ್ಟೋ 'ಸ್ಲಿಮ್ಮಿಂಗ್' ಕ್ಯಾಪ್ಸೂಲ್‌ಗಳಲ್ಲಿ ಕದ್ದುಮುಚ್ಚಿ ಸೇರಿರುವುದು ಬೇರೆ ಬೇರೆ ದೇಶಗಳ ಪರೀಕ್ಷೆಗಳಲ್ಲಿ ಸಿಕ್ಕಿದೆ. ಅದರ ಜೊತೆ ಖಾಲಿ ಹೊಟ್ಟೆ, ಕಾಫಿ, ಮೇಲೆ ಬೆಟ್ಟದ ಏರು. ಎದೆ ಡವಡವ ಅನ್ನದೆ ಇನ್ನೇನು ಮಾಡೀತು ಹೇಳಿ.

ಇನ್ನು ಆ 186. ಗಾಬರಿ ಹುಟ್ಟಿಸಿದ್ದು ಅದೇ ಅಲ್ವಾ? 220ರಲ್ಲಿ ವಯಸ್ಸು ಕಳೆದರೆ ಬರುವುದು ನಿಮ್ಮ ಹೃದಯದ ಗರಿಷ್ಠ ಬಡಿತದ ಅಂದಾಜು, ಅಂದರೆ ನಿಮಗೆ ನಿಮಿಷಕ್ಕೆ 184. ಇದು ಬರೀ ಅಂದಾಜು, ಹತ್ತು ಹನ್ನೆರಡು ಆಚೀಚೆ ಆಗುತ್ತದೆ. ಕೈಗೆ ಕಟ್ಟುವ ವಾಚ್ ಕೂಡ ಜೋರು ಓಟದಲ್ಲಿ, ಬೆವರಿನಲ್ಲಿ, ಪಟ್ಟಿ ಸಡಿಲ ಇದ್ದಾಗ ತಪ್ಪು ಹೇಳುತ್ತದೆ, ಒಮ್ಮೊಮ್ಮೆ ಹೆಜ್ಜೆಯ ಲೆಕ್ಕವನ್ನೇ ಬಡಿತ ಅಂತ ತೋರಿಸಿಬಿಡುತ್ತದೆ. ಹಾಗಾಗಿ ಏರಿನಲ್ಲಿ ಪೂರ್ತಿ ದಮ್ಮು ಕಟ್ಟಿ ಓಡುವಾಗ 186 ಕಂಡಿತು ಅಂದ ಮಾತ್ರಕ್ಕೆ ಹೃದಯ ಕೆಟ್ಟಿದೆ ಅಂತಲ್ಲ. ಆದರೆ ದಿನಾ ಗರಿಷ್ಠದ ಹತ್ತಿರ ಓಡುವುದು ತೂಕ ಇಳಿಸಲು ಬೇಕಾಗಿಯೂ ಇಲ್ಲ.

ನಾನು ಅಂಕಿಗಿಂತ ಜಾಸ್ತಿ ಕೇಳುವುದು ಬಡಿತ ಹೇಗೆ ಏರಿತು, ಹೇಗೆ ಇಳಿಯಿತು ಅಂತ. ಓಟದ ಜೊತೆ ನಿಧಾನಕ್ಕೆ ಏರಿ, ನಿಂತ ಮೇಲೆ ಐದು ಹತ್ತು ನಿಮಿಷದಲ್ಲಿ ನಿಧಾನಕ್ಕೆ ಇಳಿದರೆ ಅದು ಸಾಮಾನ್ಯವಾಗಿ ಶ್ರಮದ ಬಡಿತ. ಸ್ವಿಚ್ ಒತ್ತಿದ ಹಾಗೆ ಒಮ್ಮೆಗೇ ಶುರುವಾಗಿ, ನೀವು ಕೂತರೂ ಅದೇ ವೇಗದಲ್ಲಿ ಹೊಡೆದುಕೊಂಡು, ಆಮೇಲೆ ಒಮ್ಮೆಗೇ ನಿಂತರೆ ಅದು ಬೇರೆ. ಹೃದಯದೊಳಗಿನ ವಿದ್ಯುತ್ ದಾರಿಯಲ್ಲಿ ತೊಂದರೆ ಇದ್ದಾಗ ಹೀಗಾಗುತ್ತದೆ, ಇದಕ್ಕೆ ಒಳ್ಳೆಯ ಚಿಕಿತ್ಸೆಯೂ ಇದೆ. ಬಡಿತ ತಪ್ಪಿದ ಹಾಗೆ ಅನ್ನಿಸುತ್ತದೆ ಅಂದಿರಲ್ಲ, ಅದು ಹೆಚ್ಚಾಗಿ ಅವಸರದಲ್ಲಿ ಮೊದಲೇ ಬಿದ್ದ ಒಂದು ಬಡಿತ, ಅದರ ನಂತರದ ಸಣ್ಣ ಬಿಡುವು ನಮಗೆ ಗೊತ್ತಾಗುತ್ತದೆ. ಆರೋಗ್ಯವಂತರಿಗೂ ಬರುತ್ತದೆ. ಆದರೆ ಓಟದ ವೇಗ ಏರಿದ ಹಾಗೆ ಅದೂ ಜಾಸ್ತಿ ಆದರೆ ಸುಮ್ನೆ ಬಿಡುವಂತಿಲ್ಲ.

ಈಗ ನಿಮ್ಮ ಊಟಕ್ಕೆ ಬರೋಣ, ನನ್ನ ಅನುಮಾನ ಹೆಚ್ಚು ಇರುವುದು ಇಲ್ಲೇ. ಎರಡೂವರೆ ತಿಂಗಳಲ್ಲಿ 14 ಕೆಜಿ ಅಂದರೆ ವಾರಕ್ಕೆ ಹತ್ತಿರ ಹತ್ತಿರ ಒಂದೂಕಾಲು ಕೆಜಿ. ವಾರಕ್ಕೆ ಅರ್ಧದಿಂದ ಒಂದು ಕೆಜಿ ಸಾಕು. ಅದಕ್ಕಿಂತ ಅವಸರ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಊಟ ಕಡಿಮೆ, ಬೆವರು ಜಾಸ್ತಿ ಆದಾಗ ಪೊಟ್ಯಾಸಿಯಂ, ಮೆಗ್ನೀಸಿಯಂ ಕೂಡ ಇಳಿಯಬಹುದು, ಹೃದಯ ಲಯ ತಪ್ಪದೆ ಹೊಡೆಯಲು ಇವೆರಡೂ ಬೇಕು. ನಿಮ್ಮ ಬಿಪಿ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡಿಸುವ ಔಷಧ, ಅಂದರೆ ಹೈಡ್ರೊಕ್ಲೋರೊಥಯಾಜೈಡ್ ಅಥವಾ ಕ್ಲೋರ್‌ಥಲಿಡೋನ್ ಸೇರಿದೆಯಾ ನೋಡಿ. ಒಂದೇ ಮಾತ್ರೆಯಲ್ಲಿ ಎರಡು ಔಷಧ ಇರುವುದು ಮಾಮೂಲು, ಮಾತ್ರೆ ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಇವು ಪೊಟ್ಯಾಸಿಯಂ ಇಳಿಸುತ್ತವೆ. ಇನ್ನೊಂದು ವಿಷಯ: 96 ಕೆಜಿ ಇದ್ದಾಗ ಬರೆದುಕೊಟ್ಟ ಡೋಸ್ 82 ಕೆಜಿಗೆ ಜಾಸ್ತಿ ಆಗಿರಬಹುದು. ತೂಕ ಇಳಿದರೆ ಬಿಪಿಯೂ ಇಳಿಯುತ್ತದೆ, ಆಗ ತಲೆ ತಿರುಗುವುದು, ಎದೆ ಹೊಡೆದುಕೊಳ್ಳುವುದು ಆಗುತ್ತದೆ. ಹಾಗಂತ ನೀವಾಗಿಯೇ ಮಾತ್ರೆ ಬಿಡಬೇಡಿ, ಬಿಪಿ ನೋಡಿಸಿ ಡಾಕ್ಟರೇ ಬದಲಾಯಿಸಲಿ.

ಹಾಗಾದರೆ ಓಟ? ಪರೀಕ್ಷೆ ಮುಗಿಯುವ ತನಕ ಬೇಡ. ಮನೆಯವರು ಹೇಳಿದ್ದು ಅಷ್ಟರ ಮಟ್ಟಿಗೆ ಸರಿ. ಸಮತಟ್ಟಾದ ಕಡೆ ನಡೆಯಿರಿ, ಉಣಕಲ್ ಕೆರೆಯ ಹತ್ತಿರ ಹೋದರೂ ಆಯಿತು. ಜೊತೆಗಿದ್ದವರ ಹತ್ತಿರ ಮಾತಾಡುತ್ತಾ ನಡೆಯಲು ಆಗಬೇಕು, ಆದರೆ ಹಾಡಲು ಆಗಬಾರದು, ಅದೇ ಅಳತೆ. ಈ ವಾರದಲ್ಲೇ ಇಸಿಜಿ ಮಾಡಿಸಿ. ರಕ್ತದಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿಸಿ. ಹೃದಯದ ಗೋಡೆ ದಪ್ಪ ಇದೆಯಾ, ಕವಾಟ ಸರಿ ಇದೆಯಾ ಅನ್ನುವುದು ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುತ್ತದೆ. ಎಷ್ಟೋ ಜನ ಇಸಿಜಿ ನಾರ್ಮಲ್ ಬಂತು ಅಂತ ಮರುದಿನವೇ ಓಡಲು ಹೋಗುತ್ತಾರೆ. ಇಸಿಜಿ ಹಿಡಿಯುವುದು ಮಲಗಿರುವಾಗಿನ ಕೆಲವೇ ಸೆಕೆಂಡುಗಳ ಲೆಕ್ಕ, ನಿಮ್ಮ ತೊಂದರೆ ಬರುವುದು ಓಡುವಾಗ. ಅದಕ್ಕೇ ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ ಟಿಎಂಟಿ, ಇಲ್ಲವೇ 24 ಗಂಟೆ ಮೈಮೇಲೆ ಇಟ್ಟುಕೊಂಡು ಬಡಿತ ದಾಖಲಿಸುವ ಹೋಲ್ಟರ್ ಬೇಕಾಗಬಹುದು.

ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್‌ನಲ್ಲಿ, ಬರೀ 46ನೇ ವಯಸ್ಸಿಗೆ ತೀರಿಕೊಂಡ ಮೇಲೆ ಜಿಮ್‌ಗೆ ಹೋಗುವವರಲ್ಲಿ ಒಂದು ಭಯ ಕೂತಿದೆ. ವ್ಯಾಯಾಮವನ್ನೇ ಬಿಟ್ಟವರೂ ಇದ್ದಾರೆ, ಅದು ಸರಿಯಲ್ಲ. ಕೂತಲ್ಲೇ ಕೂತು ತೂಕ ಏರಿಸಿಕೊಳ್ಳುವುದು ಹೃದಯಕ್ಕೆ ಒಳ್ಳೆಯದಲ್ಲ. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ರಾಜ್ಯದ ಹಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ಉಚಿತ, ದುಡ್ಡಿನ ಯೋಚನೆಯಿಂದ ಮುಂದೂಡಬೇಡಿ. ಆದರೆ ಓಡುವಾಗ ಎದೆ ಹಿಂಡಿದ ಹಾಗಾದರೆ, ಕಣ್ಣು ಕತ್ತಲೆ ಬಂದರೆ, ಎಚ್ಚರ ತಪ್ಪಿದರೆ, ಕೂತ ಮೇಲೂ ಬಡಿತ ಇಳಿಯದಿದ್ದರೆ ಯಾವ ಲೆಕ್ಕಾಚಾರವೂ ಬೇಡ, 108ಕ್ಕೆ ಫೋನ್ ಮಾಡಿ. ಬೈಕ್ ಹತ್ತಿ ನೀವೇ ಆಸ್ಪತ್ರೆಗೆ ಹೋಗುವ ಸಾಹಸ ಬೇಡ. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ದರೆ ಅದನ್ನು ಡಾಕ್ಟರ್‌ಗೆ ಮೊದಲೇ ಹೇಳಿ. ಗುಟ್ಕಾ, ಸಿಗರೇಟು ಇದ್ದರೆ ಅದನ್ನೂ ಮುಚ್ಚಿಡಬೇಡಿ, ನಿಕೋಟಿನ್ ಬಡಿತ ಏರಿಸುತ್ತದೆ.

ಎಲ್ಲ ಸರಿ ಇದೆ ಅಂತ ಆದರೆ ಓಟ ಮತ್ತೆ ಶುರು ಮಾಡಿ, ಮೊದಲ ಕೆಲವು ವಾರ ಬಡಿತ 130 ದಾಟದ ಹಾಗೆ. ಹತ್ತು ನಿಮಿಷ ನಡೆದು ಮೈ ಬಿಸಿ ಮಾಡಿಕೊಳ್ಳಿ. ಮೇಲೆ ತಲುಪಿದ ಕೂಡಲೇ ಗಕ್ಕನೆ ನಿಂತು ಸೆಲ್ಫಿ ತೆಗೆಯಬೇಡಿ, ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತದೆ, ಸ್ವಲ್ಪ ಅಡ್ಡಾಡಿ. ಓಟಕ್ಕೆ ಮುಂಚೆ ಒಂದು ಬಾಳೆಹಣ್ಣು, ನೀರು. ರಾತ್ರಿ ಊಟ ಬಿಡಬೇಡಿ, ಜೋಳದ ರೊಟ್ಟಿ, ಹೆಸರುಕಾಳು ಇಲ್ಲವೇ ಮಡಕಿಕಾಳಿನ ಪಲ್ಯ, ಸೊಪ್ಪು, ಮಜ್ಜಿಗೆ ತಗೊಳ್ಳಿ. ನಮ್ಮ ಕಡೆಯ ಊಟ ಅಳತೆಯಲ್ಲಿದ್ದರೆ ತೂಕ ಏರುವುದಿಲ್ಲ, ಏರಿಸುವುದು ಸಂಜೆಯ ಮಿರ್ಚಿ ಭಜಿಯಂಥದ್ದು. ಪೊಟ್ಯಾಸಿಯಂ ಸಿರಪ್ ಮಾತ್ರ ಯಾರೋ ಹೇಳಿದರು ಅಂತ ಕುಡಿಯಬೇಡಿ. ಕೆಲವು ಬಿಪಿ ಮಾತ್ರೆಗಳು, ಉದಾಹರಣೆಗೆ ಟೆಲ್ಮಿಸಾರ್ಟನ್, ಪೊಟ್ಯಾಸಿಯಂ ಏರಿಸುತ್ತವೆ. ಜಾಸ್ತಿ ಆದರೂ ಹೃದಯಕ್ಕೆ ಅಪಾಯವೇ.

ಪ್ರಶ್ನೆ: ನನಗೆ 42 ವರ್ಷ, ಗದಗ. ಝುಂಬಾ ಕ್ಲಾಸಿಗೆ ಹೋಗುತ್ತೇನೆ. ಊಟ ಮೊದಲಿನಷ್ಟೇ ಇದೆ, ಆದರೂ ತೂಕ ಬೇಗ ಬೇಗ ಇಳಿಯುತ್ತಿದೆ ಅಂತ ಖುಷಿಯಾಗಿದ್ದೆ. ಈಗ ಎರಡು ಹಾಡು ಮುಗಿಯುವುದರೊಳಗೆ ಎದೆ ಬಡಿದುಕೊಳ್ಳುತ್ತದೆ, ರಾತ್ರಿ ಮಲಗಿದಾಗಲೂ. ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿ ಇದೆ.

ಉತ್ತರ: ಅಕ್ಕಾ, ಊಟ ಕಡಿಮೆ ಮಾಡದೆ ತೂಕ ಬೇಗ ಇಳಿದರೆ ಅದನ್ನು ಪೂರ್ತಿ ಝುಂಬಾದ ಲೆಕ್ಕಕ್ಕೆ ಹಾಕಬೇಡಿ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೆ ತೂಕ ಇಳಿಯುತ್ತದೆ, ಕೈ ನಡುಗುತ್ತದೆ, ಸೆಕೆ ತಡೆಯುವುದಿಲ್ಲ, ಮಲಗಿದಾಗಲೂ ಎದೆ ಹೊಡೆದುಕೊಳ್ಳುತ್ತದೆ. ಥೈರಾಯ್ಡ್ ಮಾತ್ರೆ ಮೊದಲೇ ತಗೊಳ್ಳುತ್ತಿದ್ದರೆ ಡೋಸ್ ಜಾಸ್ತಿ ಆಗಿರಲೂಬಹುದು. ರಕ್ತಸ್ರಾವದ ವಿಷಯ ಹೇಳಿದ್ದರಿಂದ ರಕ್ತಹೀನತೆಯನ್ನೂ ನೋಡಬೇಕು, ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತ ಕಡಿಮೆ ಅಂತಲೇ ಲೆಕ್ಕ. ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆ, ಹಿಮೋಗ್ಲೋಬಿನ್, ಒಂದು ಇಸಿಜಿ, ಇಷ್ಟು ಮೊದಲು ಆಗಲಿ. ರಿಪೋರ್ಟ್ ಬರುವ ತನಕ ಕ್ಲಾಸಿಗೆ ರಜೆ ಹಾಕಿ. ಸ್ತ್ರೀರೋಗ ತಜ್ಞರನ್ನೂ ಕಾಣಿ, ಬರೀ ಕಬ್ಬಿಣದ ಮಾತ್ರೆ ನುಂಗುತ್ತಾ ಕೂತರೆ ರಕ್ತ ಹೋಗುವುದು ನಿಲ್ಲುವುದಿಲ್ಲ. ಮಾತ್ರೆ ಶುರುವಾದರೆ ಅದನ್ನು ಚಹಾದ ಜೊತೆ ತಗೊಳ್ಳಬೇಡಿ, ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ, ನಿಂಬೆ ಪಾನಕದ ಜೊತೆ ತಗೊಳ್ಳಿ.