ಕಾಪರ್‌ಗೇಟಿನಲ್ಲಿ ಗೇಟು ಯಾಕಿಲ್ಲ?

ಮಗನನ್ನು ನೋಡಲು ಇಂಗ್ಲೆಂಡಿಗೆ ಹೋದ ನೀವು ಯಾರ್ಕ್ ಊರಿನ ಕಾಪರ್‌ಗೇಟ್ ಅನ್ನೋ ಬೀದಿಯಲ್ಲಿ ತಾಮ್ರದ ಅಂಗಡಿಯನ್ನೂ ಕೋಟೆ ಬಾಗಿಲನ್ನೂ ಹುಡುಕಿ, ಎರಡೂ ಕಾಣದೆ ನಮಗೆ ಪತ್ರ ಬರೆದಿದ್ದೀರಿ. ಮಗನ ಪಕ್ಕದ ಮನೆಯವರ ಅಡ್ಡಹೆಸರು ಯಾರ್ಕ್, ಹಾಗಾದರೆ ಅವರ ಹಿರಿಯರು ಆ ಊರಿನವರೇ ಅಲ್ವಾ ಅಂತಲೂ ಕೇಳಿದ್ದೀರಿ. ಪತ್ರ ಓದಿ ಖುಷಿಯಾಯಿತು.

ಮೊದಲು ಗೇಟಿನ ವಿಷಯ. 866ರಲ್ಲಿ ವೈಕಿಂಗರು, ಅಂದರೆ ಡೆನ್ಮಾರ್ಕ್ ಕಡೆಯಿಂದ ಕಡಲು ದಾಟಿ ಬಂದ ದಾಳಿಕೋರರು, ಯಾರ್ಕನ್ನು ಹಿಡಿದರು. ಅವರ ಮಾತಿನಲ್ಲಿ 'ಗಾಟ' ಅಂದರೆ ಬೀದಿ. ಅದೇ ಗೇಟ್ ಆಗಿ ಉಳಿದಿದೆ. ನಿಜವಾದ ಕೋಟೆ ಬಾಗಿಲಿಗೆ ಅಲ್ಲಿ 'ಬಾರ್' ಅಂತಾರೆ. ನೀವು ನೋಡಿದ ಮಿಕ್ಲ್‌ಗೇಟ್ ಬಾರ್ ಅಂದರೆ ದೊಡ್ಡ ಬೀದಿಯ ಬಾಗಿಲು, ಅಷ್ಟೇ. ಕಾಪರ್ ಕೂಡ ತಾಮ್ರ ಅಲ್ಲ, ಬಟ್ಟಲು ಮಾಡುವವರು. ನನಗೆ ತುಂಬ ಇಷ್ಟವಾದದ್ದು ಇಲ್ಲೇ ಇದೆ. 1976ರಿಂದ 1981ರವರೆಗೆ ಆ ಬೀದಿಯಲ್ಲಿ ನೆಲ ಅಗೆದಾಗ, ಮರದ ತುಂಡನ್ನು ಲೇತಿಗೆ ಕೊಟ್ಟು ಬಟ್ಟಲು ಕಡೆದ ಮೇಲೆ ನಡುವೆ ಉಳಿಯುತ್ತದಲ್ಲ ಗಟ್ಟಿ ತಿರುಳು, ಅಂಥವು ರಾಶಿ ಸಿಕ್ಕವು. ಒದ್ದೆ ಮಣ್ಣಿನಲ್ಲಿ ಸಾವಿರ ವರ್ಷ ಕೊಳೆಯದೆ ಕೂತಿದ್ದವು!

ಯಾರ್ಕ್ ಅನ್ನೋ ಹೆಸರಿನ ಕಥೆ ಇನ್ನೂ ಉದ್ದ. ರೋಮನ್ನರು ಆ ಊರನ್ನು ಎಬೊರಾಕಮ್ ಅನ್ನುತ್ತಿದ್ದರು. ಆಮೇಲೆ ಬಂದ ಇಂಗ್ಲಿಷರಿಗೆ ಆ ಮಾತು ತಮ್ಮ ಭಾಷೆಯ 'ಎಒಫೊರ್', ಅಂದರೆ ಕಾಡುಹಂದಿ, ಅಂದ ಹಾಗೆ ಕೇಳಿಸಿತು. ಎಒಫೊರ್‌ವಿಕ್ ಅಂದುಬಿಟ್ಟರು. ವೈಕಿಂಗರ ಬಾಯಲ್ಲಿ ಅದು ಯೋರ್ವಿಕ್ ಆಯಿತು, ಸವೆದು ಸವೆದು ಯಾರ್ಕ್ ಆಯಿತು. ಹಾಗಾಗಿ ಈಗಿನ ಹೆಸರನ್ನು ಸುಮ್ನೆ ಬಿಡಿಸಿ ಅರ್ಥ ಹುಡುಕಬೇಡಿ, ಹಳೆಯ ರೂಪ ಏನಿತ್ತು ಅಂತ ಮೊದಲು ನೋಡಿ. ಕೇಂಬ್ರಿಜ್ ಕಥೆಯೂ ಇದೇ, ಕ್ಯಾಮ್ ನದಿಯ ಬ್ರಿಜ್ (ಸೇತುವೆ) ಅಂತ ಬಿಡಿಸಿದರೆ ತಪ್ಪಾಗುತ್ತದೆ. ಅಲ್ಲಿ ನದಿಯ ಹಳೆಯ ಹೆಸರು ಗ್ರಾಂಟಾ. ಕ್ಯಾಮ್ ಅನ್ನೋದು ಊರಿನ ಹೆಸರಿನಿಂದ ನದಿಗೆ ಬಂದದ್ದು.

ಇನ್ನು ಪಕ್ಕದ ಮನೆಯವರು. ಯಾರ್ಕಿನಲ್ಲೇ ಇರುವವನನ್ನು ಅಲ್ಲಿನವರು ಯಾರ್ಕ್ ಅಂತ ಕರೆದರೆ ಏನು ಗುರುತು ಸಿಗುತ್ತದೆ ಹೇಳಿ? ಊರು ಬಿಟ್ಟು ಬೇರೆ ಕಡೆ ನೆಲೆಸಿದವನಿಗೇ ಆ ಹೆಸರು ಅಂಟುವುದು ಜಾಸ್ತಿ. 1400ರ ಹೊತ್ತಿಗೆ ಹೆಚ್ಚಿನ ಮನೆತನಗಳಲ್ಲಿ ಇಂಥ ಹೆಸರು ಅಪ್ಪನಿಂದ ಮಕ್ಕಳಿಗೆ ಇಳಿಯತೊಡಗಿತ್ತು. ಅಂದರೆ ಆ ಮನೆಯ ಹಿರಿಯರೊಬ್ಬರು ಯಾರ್ಕ್ ಕಡೆಯಿಂದ ಗಂಟು ಮೂಟೆ ಕಟ್ಟಿಕೊಂಡು ಹೊರಟವರಿರಬೇಕು. ಊರಲ್ಲೇ ಉಳಿದವರನ್ನು ಕಸುಬಿನಿಂದಲೋ ಅಪ್ಪನ ಹೆಸರಿನಿಂದಲೋ ಗುರುತಿಸುತ್ತಿದ್ದರು. ಲೇತಿನಲ್ಲಿ ಮರ ಕಡೆಯುವವನ ಹೆಸರು ಟರ್ನರ್.